ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ಅತ್ತೆಗೆ ಮನೆಯಲ್ಲೇ ವ್ಯಾಯಾಮ ಮಾಡಿಸುವುದು ಹೇಗೆ?

ಉಡುಪಿಯ ಮಳೆಯಲ್ಲಿ ಅತ್ತೆಯನ್ನು ಹೊರಗೆ ವಾಕಿಂಗ್ ಕರೆದೊಯ್ಯಲು ಆಗುವುದಿಲ್ಲ, ಮನೆಯೊಳಗೆ ಏನು ಮಾಡಿಸಲಿ ಅಂತ ಕೇಳಿದ್ದೀರಿ.

ಮೊದಲು, "ವ್ಯಾಯಾಮ" ಅನ್ನುವ ಮಾತೇ ಎತ್ತಬೇಡಿ. ಕೇಳಿದ ಕೂಡಲೇ ಬೇಡ ಅಂತಾರೆ. ನನ್ನ ಅಮ್ಮನಿಗೆ ಬೆಳಿಗ್ಗೆ ತಿಂದ ತಿಂಡಿ ನೆನಪಿರುವುದಿಲ್ಲ, ಆದರೆ ಮಲ್ಲಿಗೆ ಕಟ್ಟುವುದನ್ನು ಬೆರಳು ಮರೆತಿಲ್ಲ. ಕೈಗೆ ರೂಢಿಯಾದ ಕೆಲಸ ಬಹಳ ಕಾಲ ಉಳಿಯುತ್ತದೆ. ಅದಕ್ಕೇ ಹೂವನ್ನು ಚಾವಡಿಯ ಒಂದು ತುದಿಯಲ್ಲಿ, ಬಾಳೆನಾರನ್ನು ಇನ್ನೊಂದು ತುದಿಯಲ್ಲಿ ಇಡುತ್ತೇನೆ. ಎದ್ದು ಹೋಗಿ ತರಲೇಬೇಕು, ಅಲ್ವಾ?

ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು ಕುರ್ಚಿಯಿಂದ ಎದ್ದು ಕೂರುವುದು. ಕೈ ಇರುವ ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡ. ನೀವು ಎದುರಿಗೆ ಕೂತು ಮೊದಲು ಎದ್ದು ತೋರಿಸಿ. ಹೇಳಿದ್ದಕ್ಕಿಂತ ನೋಡಿದ್ದು ಬೇಗ ಅರ್ಥವಾಗುತ್ತದೆ. ಒಂದು ಸಲಕ್ಕೆ ಒಂದೇ ಮಾತು: "ಏಳಿ ಅತ್ತೆ." ಐದು ಸಲ ಸಾಕು. ನಿಮ್ಮ ಮೊಣಕಾಲಿಗೂ ವ್ಯಾಯಾಮ ಆಯಿತು!

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, 65 ದಾಟಿದವರಿಗೆ ವಾರದಲ್ಲಿ 3 ದಿನ ಸಮತೋಲನದ ವ್ಯಾಯಾಮವೂ ಸೇರಿ. ಅಷ್ಟಾಗದಿದ್ದರೆ ಸುಮ್ನೆ ಬೇಜಾರು ಮಾಡ್ಕೋಬೇಡಿ, ಹತ್ತು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಬೆಳಗಿನ ಹೊತ್ತು ಒಳ್ಳೆಯದು. ಸಂಜೆ ಅನೇಕರಿಗೆ ಗೊಂದಲ, ಸಿಟ್ಟು ಜಾಸ್ತಿ.

ಹಿಂದೆ ಬಿದ್ದಿದ್ದರೆ ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ತಲೆಸುತ್ತು, ಎದೆನೋವು ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಮತ್ತೆ, ಮಳೆಗಾಲದಲ್ಲಿ ನಮ್ಮ ಕೆಂಪು ಸಿಮೆಂಟ್ ನೆಲ ಬೆವರುತ್ತದಲ್ಲ, ಶುರು ಮಾಡುವ ಮೊದಲು ಒಣಬಟ್ಟೆಯಲ್ಲಿ ಒರೆಸಿಬಿಡಿ.