ಕ್ಯಾಟ್‌ನಲ್ಲಿ 98.6 ಬಂದಿದೆ, ಆದರೆ ಒಂದೂ ಸಂದರ್ಶನದ ಕರೆ ಬಂದಿಲ್ಲ. ಕಾಯಬೇಕೇ, ಕೈಬಿಡಬೇಕೇ?

ನಿಮ್ಮ ಪ್ರಶ್ನೆಯಲ್ಲಿರುವ ವಿವರ ಇಷ್ಟು: ಉಡುಪಿಯ ಹುಡುಗ, ಜನರಲ್ ವರ್ಗ, ಎಸ್ಸೆಸ್ಸೆಲ್ಸಿ 91, ಪಿಯುಸಿ 88, ವಿಟಿಯುವಿನ 2018ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಬಿಇ, ಸಿಜಿಪಿಎ (ಹತ್ತಕ್ಕೆ ಸರಾಸರಿ ಅಂಕ) 7.8, ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, 2024ರ ಕ್ಯಾಟ್‌ನಲ್ಲಿ 98.6 ಪರ್ಸೆಂಟೈಲ್ (ಕ್ಯಾಟ್ ಎಂದರೆ ಐಐಎಂ ಮತ್ತಿತರ ಎಂಬಿಎ ಸಂಸ್ಥೆಗಳ ಪ್ರವೇಶ ಪರೀಕ್ಷೆ). ಜೊತೆಗೆ ಪರೀಕ್ಷೆ ಬರೆದ, ಬಿಕಾಂ ಓದಿದ ಗೆಳತಿಗೆ ನಿಮಗಿಂತ ಕಡಿಮೆ ಬಂದಿದ್ದರೂ ಬೆಂಗಳೂರು ಐಐಎಂನಿಂದ ಕರೆ ಬಂದಿದೆ. ಜನವರಿಯ ಎರಡನೇ ವಾರ ಬಂದರೂ ನಿಮ್ಮ ಇನ್‌ಬಾಕ್ಸ್ ಖಾಲಿ.

ನನ್ನ ಉತ್ತರ: ಕೆಲವು ಕಡೆಯ ಆಸೆ ಇವತ್ತೇ ಬಿಡಿ, ಕೆಲವು ಕಡೆಯದಕ್ಕೆ ಮಾರ್ಚ್‌ವರೆಗೂ ಕಾಯಿರಿ. ಯಾವುದು ಯಾವುದು ಎಂಬುದನ್ನು ಬಹಳಮಟ್ಟಿಗೆ ಈಗಲೇ ಲೆಕ್ಕ ಹಾಕಬಹುದು. ಆ ಲೆಕ್ಕ ಹಾಕದೆ ಕಾಯುವುದರಿಂದಲೇ ಅರ್ಧ ಸಂಕಟ.

ಮೊದಲು 98.6ರ ಅರ್ಥ ನೋಡಿ. 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಮಂದಿ. ಅವರಲ್ಲಿ ನೂರಕ್ಕೆ 98.6 ಮಂದಿ ನಿಮ್ಮ ಹಿಂದಿದ್ದಾರೆ, ಅಂದರೆ ನಿಮ್ಮ ಮುಂದೆ ಸುಮಾರು 4,100 ಜನ ಇದ್ದಾರೆ. ಅವರಲ್ಲಿ ದೊಡ್ಡ ಪಾಲು ನಿಮ್ಮ ಹಾಗೆಯೇ ಜನರಲ್ ವರ್ಗದ, ಇಂಜಿನಿಯರಿಂಗ್ ಓದಿದ ಗಂಡುಮಕ್ಕಳು. ಸಂಸ್ಥೆಗಳು ಪ್ರಕಟಿಸುವ ಕನಿಷ್ಠ ಕಟಾಫ್ ನೋಡಿ ಮೋಸಹೋಗಬೇಡಿ. ಅದು ಅರ್ಜಿಯನ್ನು ಪರಿಗಣಿಸಲು ಬೇಕಾದ ಮಟ್ಟ, ಕರೆ ಬರುವ ಮಟ್ಟವಲ್ಲ. ಕಟಾಫ್ ದಾಟಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕ್ಯಾಟ್ ಅಂಕ, ಹತ್ತನೇ ತರಗತಿ, ಪಿಯುಸಿ, ಪದವಿ, ಕೆಲಸದ ಅನುಭವ ಎಲ್ಲಕ್ಕೂ ತೂಕ ಕೊಟ್ಟು ಒಂದು ಒಟ್ಟು ಅಂಕ ತೆಗೆಯುತ್ತಾರೆ. ಕರೆ ಬರುವುದು ಆ ಅಂಕಕ್ಕೆ.

ತೂಕ ಎಲ್ಲ ಕಡೆ ಒಂದೇ ಅಲ್ಲ. ಬೆಂಗಳೂರು ಐಐಎಂ ಹತ್ತನೇ ತರಗತಿ, ಪಿಯುಸಿ, ಪದವಿ, ಅನುಭವ ಎಲ್ಲವನ್ನೂ ಮೊದಲ ಹಂತದಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೋರ್ಡಿನ ಅಂಕವನ್ನು ನೇರವಾಗಿ ಹೋಲಿಸದೆ, ಅದೇ ಬೋರ್ಡಿನ ಅಭ್ಯರ್ಥಿಗಳ ಮಟ್ಟಕ್ಕೆ ಹೋಲಿಸಿ ಸರಿದೂಗಿಸುತ್ತದೆ. ಹಾಗಾಗಿ ಕರ್ನಾಟಕ ಬೋರ್ಡಿನ 91 ಬೇರೆ, ಸಿಬಿಎಸ್‌ಇಯ 91 ಬೇರೆ. ಅಹಮದಾಬಾದ್ ನಿಮ್ಮ ಹಳೆಯ ಅಂಕಗಳಿಂದ ಅರ್ಜಿಗೊಂದು ರೇಟಿಂಗ್ ಕೊಟ್ಟು ಕ್ಯಾಟ್‌ಗೆ ಜೋಡಿಸುತ್ತದೆ, ಓದಿದ ವಿಷಯದ ಪ್ರಕಾರ ಅಭ್ಯರ್ಥಿಗಳನ್ನು ಗುಂಪು ಮಾಡಿಯೂ ನೋಡುತ್ತದೆ. ಹಲವು ಸಂಸ್ಥೆಗಳು ಹೆಣ್ಣುಮಕ್ಕಳಿಗೆ, ಇಂಜಿನಿಯರಿಂಗ್ ಅಲ್ಲದ ಹಿನ್ನೆಲೆಯವರಿಗೆ ಸ್ವಲ್ಪ ಅಂಕ ಸೇರಿಸುತ್ತವೆ. ತರಗತಿಯಲ್ಲಿ ಎಲ್ಲರೂ ಒಂದೇ ಬಗೆಯವರಾಗಬಾರದು ಎಂಬ ಕಾರಣಕ್ಕೆ ಮಾಡಿದ ನಿಯಮ ಅದು, ಮೊದಲೇ ಪ್ರಕಟವಾಗಿರುತ್ತದೆ. ನಿಮ್ಮ ಗೆಳತಿಗೆ ಕರೆ ಬಂದದ್ದರಲ್ಲಿ ನಿಮ್ಮದೇನೂ ಕಿತ್ತುಹೋಗಿಲ್ಲ. ದಯವಿಟ್ಟು ಅವರನ್ನು ಮನಸಾರೆ ಅಭಿನಂದಿಸಿ. ಇನ್ನೆರಡು ವಾರದಲ್ಲಿ ಅಣಕು ಸಂದರ್ಶನಕ್ಕೆ ನಿಮಗೂ ಅವರಿಗೂ ಒಬ್ಬರಿಗೊಬ್ಬರು ಬೇಕಾಗುತ್ತದೆ.

ಈಗ ನಿಮ್ಮ ಬಿಇ ಅಂಕಕ್ಕೆ ಬನ್ನಿ. 7.8 ಅಂದರೆ 78 ಪರ್ಸೆಂಟ್ ಎಂದು ಬರೆದಿದ್ದೀರಿ. ವಿಟಿಯುವಿನ 2018ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ನಿಮ್ಮದು 70.5 ಆಗುತ್ತದೆ. ಕ್ಯಾಟ್ ಅರ್ಜಿಯಲ್ಲಿ ವಿಶ್ವವಿದ್ಯಾಲಯದ ಸೂತ್ರವೇ ಅಂತಿಮ. ಸೂತ್ರ ಇಲ್ಲದವರು ಮಾತ್ರ ನೇರ ಅನುಪಾತ ಹಾಕಬಹುದು. ಅರ್ಜಿಯಲ್ಲಿ 78 ತುಂಬಿದ್ದರೆ ಕರೆ ಬಂದ ಮೇಲೂ ದಾಖಲೆ ಪರಿಶೀಲನೆಯ ಮೇಜಿನಲ್ಲಿ ಅದು ಸಿಕ್ಕಿಬೀಳುತ್ತದೆ, ಅಲ್ಲಿಗೆ ಉಮೇದುವಾರಿಕೆ ರದ್ದಾಗಬಹುದು. ಇವತ್ತೇ ಅರ್ಜಿಯ ಪಿಡಿಎಫ್ ತೆರೆದು ನೋಡಿ. ತಪ್ಪಿದ್ದರೆ ಕ್ಯಾಟ್ ಸಹಾಯಕೇಂದ್ರಕ್ಕೂ, ಅರ್ಜಿ ಹಾಕಿದ ಸಂಸ್ಥೆಗಳ ಪ್ರವೇಶ ವಿಭಾಗಕ್ಕೂ ನೀವಾಗಿಯೇ ಇಮೇಲ್ ಬರೆದು, ಅಂಕಪಟ್ಟಿ ಲಗತ್ತಿಸಿ. ಅವರು ಕಂಡುಹಿಡಿಯುವ ಮೊದಲೇ ಹೇಳಿದವನ ಮಾತಿಗೆ ಬೆಲೆ ಇರುತ್ತದೆ. ಅನುಭವದ ತಿಂಗಳುಗಳೂ ಹೀಗೆಯೇ: ಸಾಮಾನ್ಯವಾಗಿ ಅರ್ಜಿಯ ವರ್ಷದ ಜುಲೈ 31ರವರೆಗಿನ, ಪದವಿ ಮುಗಿದ ಮೇಲಿನ ಪೂರ್ಣಾವಧಿ ಕೆಲಸ ಮಾತ್ರ ಎಣಿಕೆಗೆ ಬರುತ್ತದೆ. ಇಂಟರ್ನ್‌ಶಿಪ್ ಸೇರಿಸಿದ್ದರೆ ಅದೂ ತೊಂದರೆಯೇ.

ಇಷ್ಟು ಹೇಳಿದ ಮೇಲೆ ನೇರವಾಗಿ ಹೇಳಿಬಿಡುತ್ತೇನೆ. ಅಹಮದಾಬಾದ್, ಬೆಂಗಳೂರು, ಕಲ್ಕತ್ತಾದಿಂದ 98.6 ಮತ್ತು 70.5ಕ್ಕೆ ನಿಮ್ಮ ವರ್ಗದಲ್ಲಿ ಕರೆ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಈ ಸಂಸ್ಥೆಗಳು ಪಟ್ಟಿ ಪ್ರಕಟಿಸಿದಾಗ ರಿಜಿಸ್ಟ್ರೇಶನ್ ನಂಬರ್ ಹಾಕಿ ನೋಡುವ ಪುಟ ತೆರೆಯುತ್ತವೆ. ಅಲ್ಲಿ ಇಲ್ಲ ಎಂದು ಬಂದರೆ ಅದೇ ಕೊನೆಯ ಮಾತು ಎಂದುಕೊಳ್ಳಿ, ಇಮೇಲ್‌ಗೆ ಕಾಯಬೇಡಿ.

ನೀವು ನಿಜವಾಗಿ ಕಾಯಬೇಕಾದದ್ದು ಕ್ಯಾಪ್‌ಗೆ, ಅಂದರೆ ಹೊಸ ಐಐಎಂಗಳಲ್ಲಿ ಕೆಲವು ಒಟ್ಟಾಗಿ ನಡೆಸುವ ಒಂದೇ ಸಂದರ್ಶನಕ್ಕೆ. ಸೇರುವ ಸಂಸ್ಥೆಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ; ಕಾಶೀಪುರ, ರಾಯಪುರ, ಬೋಧಗಯಾ, ಜಮ್ಮು, ಸಿರಮೌರ್ ಇದರಲ್ಲಿ ಇದ್ದಂಥವು. ನಿಮ್ಮ ಅಂಕಕ್ಕೆ ಇಲ್ಲಿ ಗಟ್ಟಿ ಅವಕಾಶ ಇದೆ. ಇದರ ಕರೆ ಹಳೆಯ ಐಐಎಂಗಳ ಪಟ್ಟಿಯ ನಂತರವೇ ಬರುವುದು ರೂಢಿ, ಸಂದರ್ಶನ ಫೆಬ್ರವರಿಯಲ್ಲೋ ಆಮೇಲೋ. ಆದ್ದರಿಂದ ಈಗಿನ ಮೌನಕ್ಕೆ ಅರ್ಥ ಹುಡುಕಬೇಡಿ. ಆದರೆ ಒಂದು ಎಚ್ಚರ ಬೇಕು: ಕ್ಯಾಪ್‌ನಲ್ಲಿ ಹೆಸರು ಬಂದರೆ ಸಾಕಾಗುವುದಿಲ್ಲ, ಪ್ರತ್ಯೇಕ ಪೋರ್ಟಲ್‌ನಲ್ಲಿ ನೋಂದಾಯಿಸಿ, ಊರು ಮತ್ತು ದಿನ ಆರಿಸಿ, ಕೊಟ್ಟ ಗಡುವಿನೊಳಗೆ ಸಲ್ಲಿಸಬೇಕು. ಗಡುವು ಕೆಲವೇ ದಿನಗಳದ್ದು. ಕರೆ ಬಂದೂ ಸೀಟು ಕಳೆದುಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಎಡವಲು ಕಾರಣ ಬಹಳ ಸಣ್ಣದಿರುತ್ತದೆ. ಅರ್ಜಿ ಹಾಕುವಾಗ ಕಾಲೇಜಿನ ಇಮೇಲ್ ಕೊಟ್ಟಿರುತ್ತಾರೆ, ಪದವಿ ಮುಗಿದ ಮೇಲೆ ಕಾಲೇಜು ಆ ಖಾತೆ ಮುಚ್ಚುತ್ತದೆ. ಅಥವಾ ಮೇಲ್ ಸ್ಪ್ಯಾಮ್‌ಗೋ ಪ್ರಮೋಶನ್ಸ್ ಟ್ಯಾಬಿಗೋ ಹೋಗಿರುತ್ತದೆ. ಮೇಲ್‌ನ ಮೇಲೆ ಭಾರ ಹಾಕದೆ, ಅರ್ಜಿ ಹಾಕಿದ ಪ್ರತಿ ಸಂಸ್ಥೆಯ ಪ್ರವೇಶ ಪುಟವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ದಿನಕ್ಕೊಮ್ಮೆ, ರಾತ್ರಿ ಊಟದ ಮೇಲೆ ನೋಡಿ. ದಿನಕ್ಕೆ ಒಂದು ಸಲ ಸಾಕು. ಟೆಲಿಗ್ರಾಂ ಗುಂಪುಗಳಲ್ಲಿ ಗಂಟೆಗೊಮ್ಮೆ ಇಣುಕಿದರೆ ಇನ್ನೊಬ್ಬರ ಕರೆ ಕಾಣುತ್ತದೆ ಹೊರತು ನಿಮ್ಮದು ಬೇಗ ಬರುವುದಿಲ್ಲ.

ಕ್ಯಾಟ್ ಬರೆದರೆ ಎಲ್ಲ ಕಡೆಯಿಂದ ತಾನಾಗಿ ಕರೆ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಐಐಎಂಗಳಿಗೆ ಕ್ಯಾಟ್ ಅರ್ಜಿಯಲ್ಲೇ ಕೋರ್ಸಿಗೆ ಗುರುತು ಹಾಕಿದರೆ ಸಾಕು (ಹಾಕದಿದ್ದರೆ ಕರೆ ಇಲ್ಲ). ಆದರೆ ದೆಹಲಿಯ ಎಫ್‌ಎಂಎಸ್, ಮುಂಬೈಯ ಎಸ್‌ಪಿ ಜೈನ್, ಗುರುಗ್ರಾಮದ ಎಂಡಿಐ, ಐಐಟಿಗಳ ಮ್ಯಾನೇಜ್‌ಮೆಂಟ್ ವಿಭಾಗಗಳು ಇವಕ್ಕೆಲ್ಲ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಎಫ್‌ಎಂಎಸ್, ಎಸ್‌ಪಿ ಜೈನ್ ಗಡುವು ಕ್ಯಾಟ್ ಫಲಿತಾಂಶಕ್ಕೂ ಮೊದಲೇ ಮುಗಿದಿರುತ್ತದೆ. ಅರ್ಜಿಯೇ ಹಾಕದ ಕಡೆಯಿಂದ ಕರೆಗೆ ಕಾಯುತ್ತಿದ್ದೀರಾ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಐಐಟಿಗಳಲ್ಲಿ ಕೆಲವು ಜನವರಿ ಕೊನೆಯವರೆಗೂ ಅರ್ಜಿ ತೆಗೆದುಕೊಳ್ಳುತ್ತವೆ. ಈ ವಾರವೇ ಅವುಗಳ ಪುಟ ನೋಡಿ, ತೆರೆದಿದ್ದರೆ ಹಾಕಿಬಿಡಿ.

ಮಣಿಪಾಲದ ಟ್ಯಾಪ್ಮಿಯ ಹೆಸರೇ ನಿಮ್ಮ ಪಟ್ಟಿಯಲ್ಲಿ ಇಲ್ಲ! ಹಿತ್ತಲ ಗಿಡ ಮದ್ದಲ್ಲ ಎಂಬ ಹಾಗಾಯಿತು. ಟಿ.ಎ. ಪೈ ಕಟ್ಟಿದ, 1980ರಲ್ಲಿ ಶುರುವಾದ ಸಂಸ್ಥೆಗೆ ದೇಶದ ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ, ಉಡುಪಿಯವರು ಮನೆಗೆ ಹತ್ತಿರ ಎಂಬ ಕಾರಣಕ್ಕೇ ಬಿಡುತ್ತಾರೆ. ಕ್ಯಾಟ್ ಅಂಕವನ್ನು ಅವರು ಒಪ್ಪುತ್ತಾರೆ.

ಈಗ ಮುಖ್ಯ ವಿಷಯ. ಕರೆ ಬಂದ ಮೇಲೆ ತಯಾರಿ ಶುರು ಮಾಡುತ್ತೇನೆ ಎಂದಿದ್ದೀರಿ. ಕರೆಗೂ ಸಂದರ್ಶನಕ್ಕೂ ನಡುವೆ ಸಿಗುವುದು ಕೆಲವು ಕಡೆ ಒಂದೇ ವಾರ, ಹೆಚ್ಚೆಂದರೆ ಮೂರು ವಾರ. ಅದರಲ್ಲಿ ಆಫೀಸಿಗೂ ಹೋಗಬೇಕು. ಆ ಹೊತ್ತಿಗೆ ಬಿಇಯ ನಾಲ್ಕು ವರ್ಷದ ಪಾಠ, ಎರಡು ವರ್ಷದ ಕೆಲಸ, ಊರಿನ ಅರ್ಥವ್ಯವಸ್ಥೆ, ಬಜೆಟ್ ಎಲ್ಲ ಆಗುವ ಮಾತಲ್ಲ. ಕೇಂದ್ರ ಬಜೆಟ್ ಫೆಬ್ರವರಿ 1ಕ್ಕೆ ಬರುತ್ತದೆ, ನಿಮ್ಮ ಸಂದರ್ಶನ ಅದರ ನಂತರ. ಅದರ ಬಗ್ಗೆ ಕೇಳಿಯೇ ಕೇಳುತ್ತಾರೆ ಎಂದುಕೊಂಡೇ ಓದಿ.

ಸಂದರ್ಶನ ಸಾಮಾನ್ಯವಾಗಿ 15ರಿಂದ 30 ನಿಮಿಷ, ಎದುರಿಗೆ ಇಬ್ಬರೋ ಮೂವರೋ. ಉಡುಪಿ ಎಂದು ಕಂಡ ಕೂಡಲೇ ಬ್ಯಾಂಕಿನ ಪ್ರಶ್ನೆ ಬರುವ ಸಂಭವ ಬಹಳ, ಇದನ್ನು ಚೆನ್ನಾಗಿ ಸಿದ್ಧಮಾಡಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಕಟ್ಟಿದ ಕಾರ್ಪೊರೇಶನ್ ಬ್ಯಾಂಕ್, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಕಾಲು ಶತಮಾನದಲ್ಲಿ ಉಡುಪಿ, ಮಂಗಳೂರು ಒಟ್ಟಿಗಿದ್ದ ಆಗಿನ ಒಂದೇ ಜಿಲ್ಲೆಯಿಂದ ಐದು! ಕೆನರಾ ಮತ್ತು ಸಿಂಡಿಕೇಟ್ ರಾಷ್ಟ್ರೀಕರಣಗೊಂಡದ್ದು 1969ರಲ್ಲಿ, ಕಾರ್ಪೊರೇಶನ್ ಮತ್ತು ವಿಜಯಾ 1980ರಲ್ಲಿ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಇಸವಿ ಒಪ್ಪಿಸಿದರೆ ಅವರು ತಲೆದೂಗುತ್ತಾರೆ ಅಷ್ಟೆ. ಅವರಿಗೆ ಬೇಕಾದದ್ದು ಕಾರಣ: ಇಲ್ಲೇ ಏಕೆ? 1928ರಲ್ಲಿ ಶುರುವಾದ ಸಿಂಡಿಕೇಟಿನ ಪಿಗ್ಮಿ ಠೇವಣಿಯಿಂದ ಆರಂಭಿಸಿ. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸಿದರೆ ಬ್ಯಾಂಕಿಗೆ ಖರ್ಚೆಷ್ಟು, ಲಾಭ ಹೇಗೆ, ಇವತ್ತು ಯುಪಿಐ ಇರುವಾಗ ಅದಕ್ಕೆ ಏನರ್ಥ ಎಂದು ನೀವೇ ಯೋಚಿಸಿ ಇಟ್ಟುಕೊಂಡರೆ ಹತ್ತು ನಿಮಿಷ ಸಂದರ್ಶನ ನಿಮ್ಮ ಕೈಯಲ್ಲೇ ಇರುತ್ತದೆ. ಹಾಗೆಯೇ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ: ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಏಕೆ ಕಟ್ಟಿತು? ಪಣಂಬೂರಿನ ಬಂದರು, ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದ ಬಗ್ಗೆಯೂ ನಾಲ್ಕು ಮಾತು ಗೊತ್ತಿರಲಿ.

ಕೆಲಸದ ಬಗ್ಗೆ ಕೇಳುವಾಗ ನೀವು ಬರೆದ ಕೋಡ್ ಅವರಿಗೆ ಮುಖ್ಯವಲ್ಲ. ನಿಮ್ಮ ಕ್ಲೈಂಟ್ ಯಾರು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ, ನೀವು ಮಾಡುವ ಭಾಗ ನಿಂತರೆ ಯಾರಿಗೆ ನಷ್ಟ ಎಂಬುದಕ್ಕೆ ಉತ್ತರ ಬೇಕು. ಗೊತ್ತಿಲ್ಲದಿದ್ದರೆ ನಾಳೆಯೇ ನಿಮ್ಮ ಮ್ಯಾನೇಜರ್ ಹತ್ತಿರ ಕೇಳಿ.

ಮನೆಯಲ್ಲಿ ತುಳು, ಆಫೀಸಿನಲ್ಲಿ ಕನ್ನಡ ಆಡುವ ನಮ್ಮವರಿಗೆ ಇಂಗ್ಲಿಷ್ ಬಾರದೆ ಇಲ್ಲ, 20 ನಿಮಿಷ ಎಡೆಬಿಡದೆ ಮಾತಾಡಿ ರೂಢಿ ಇಲ್ಲ. ದಿನಾ ಒಂದು ಪ್ರಶ್ನೆ ತೆಗೆದುಕೊಂಡು ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಲಿಖಿತ ಪರೀಕ್ಷೆ ಇರುವ ಕಡೆ 20–30 ನಿಮಿಷದಲ್ಲಿ ಒಂದು ಪುಟ ಕೈಯಿಂದ ಬರೆಯಬೇಕಾಗಬಹುದು. ಕೀಬೋರ್ಡಿಗೆ ಒಗ್ಗಿದ ಕೈ ಅಷ್ಟರಲ್ಲೇ ಸೋಲುತ್ತದೆ, ವಾರಕ್ಕೆ ಮೂರು ಪ್ರಬಂಧ ಪೆನ್ನಿನಲ್ಲೇ ಬರೆಯಿರಿ.

ದಾಖಲೆಗಳನ್ನು ಈಗಲೇ ಒಂದು ಫೈಲಿಗೆ ಸೇರಿಸಿ: ಎಸ್ಸೆಸ್ಸೆಲ್ಸಿ, ಪಿಯುಸಿ, ಎಂಟೂ ಸೆಮಿಸ್ಟರಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ವಿಟಿಯು ಸೂತ್ರದ ಪ್ರತಿ, ಕ್ಯಾಟ್ ಸ್ಕೋರ್‌ಕಾರ್ಡ್, ಆಫರ್ ಲೆಟರ್, ಇತ್ತೀಚಿನ ಸಂಬಳದ ಚೀಟಿಗಳು, ಕಂಪನಿಯಿಂದ ಸೇರಿದ ದಿನಾಂಕ ಇರುವ ಅನುಭವ ಪತ್ರ. ಕೊನೆಯದಕ್ಕೆ ಎಚ್‌ಆರ್ ವಿಭಾಗಗಳು ವಾರಗಟ್ಟಲೆ ತೆಗೆದುಕೊಳ್ಳುತ್ತವೆ, ಇಂದೇ ಕೇಳಿಡಿ. ರಾಜೀನಾಮೆ ಮಾತ್ರ ಕೊಡಬೇಡಿ. ಅಂತಿಮ ಫಲಿತಾಂಶ ಏಪ್ರಿಲ್, ಮೇ ತನಕ ಎಳೆಯುತ್ತದೆ, ವೇಯ್ಟಿಂಗ್ ಲಿಸ್ಟ್ ಜೂನ್‌ವರೆಗೂ ಸರಿಯುತ್ತದೆ.

ಇದನ್ನು ಓದುವ ಮೀಸಲಾತಿ ವರ್ಗದವರಿಗೆ ಒಂದು ಮಾತು: 2ಎ, 3ಬಿ ಎಂದು ಬರೆದ ರಾಜ್ಯದ ಪ್ರಮಾಣಪತ್ರ ಐಐಎಂನಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲಿ ಕೆನೆಪದರಕ್ಕೆ ಸೇರದ ಪ್ರಮಾಣಪತ್ರವನ್ನು ನಾಡಕಚೇರಿ ಮೂಲಕ ತಹಶೀಲ್ದಾರರಿಂದ ಮಾಡಿಸಿ. ಕೌಂಟರಿನಲ್ಲಿ ಕೇಂದ್ರದ್ದು ಎಂದು ಒತ್ತಿ ಹೇಳದಿದ್ದರೆ ಅಭ್ಯಾಸಬಲದಿಂದ ರಾಜ್ಯದ್ದೇ ಕೊಡುತ್ತಾರೆ.

ಸಂದರ್ಶನ ಬೆಂಗಳೂರಿನಲ್ಲಾದರೆ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ನೇರ ಹಾಲ್‌ಗೆ ಹೋಗುವ ಯೋಜನೆ ಬೇಡ. ಶಿರಾಡಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಗಂಟೆಗಟ್ಟಲೆ ನಿಂತಲ್ಲೇ. ಹಿಂದಿನ ದಿನವೇ ಹೋಗಿ ತಂಗಿ.

ನೀವು ಒಟ್ಟು ಪರ್ಸೆಂಟೈಲ್ ಮಾತ್ರ ಬರೆದಿದ್ದೀರಿ, ಮೂರು ವಿಭಾಗದ್ದು ಬರೆದಿಲ್ಲ. ಇಂಗ್ಲಿಷಿನದ್ದು 75ರ ಆಸುಪಾಸಿನಲ್ಲಿದ್ದರೆ ನಾನು ಹೇಳಿದ ಲೆಕ್ಕ ಕೆಲವು ಕಡೆ ಬದಲಾಗುತ್ತದೆ, ಏಕೆಂದರೆ ಒಂದೇ ವಿಭಾಗದ ಕಟಾಫ್ ತಪ್ಪಿದರೂ ಒಟ್ಟು ಅಂಕವನ್ನು ನೋಡುವುದೇ ಇಲ್ಲ. ಮೂರನ್ನೂ, ಪ್ರತ್ಯೇಕ ಅರ್ಜಿ ಹಾಕಿದ ಸಂಸ್ಥೆಗಳ ಹೆಸರನ್ನೂ ಬರೆಯಿರಿ. ಎಲ್ಲಿಯದಕ್ಕೆ ಕಾಯಬಹುದು ಎಂದು ಒಂದೊಂದಾಗಿ ಹೇಳುತ್ತೇನೆ.