ಕರೆದ್ರೂ ತಿರುಗಿ ನೋಡಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಮೂರು ವರ್ಷ ತುಂಬ್ತು, ಇನ್ನೂ ಅಮ್ಮ ಅಂದಿಲ್ಲ. ಹೆಸರು ಕೂಗಿದ್ರೆ ತಿರುಗಲ್ಲ, ಆದ್ರೆ ಪಕ್ಕದ ರೂಮಲ್ಲಿ ಟೀವಿ ಅಡ್ವರ್ಟೈಸ್‌ಮೆಂಟ್ ಬಂದ್ರೆ ಓಡಿಹೋಗ್ತಾನೆ. ದಿನಾ ಆಟದ ಕಾರಿನ ಚಕ್ರ ತಿರುಗಿಸ್ತಾ ಕೂರ್ತಾನೆ. ನಮ್ಮತ್ತೆ ಒಂದ್ಸಲ 'ಅವರಪ್ಪನೂ ಲೇಟಾಗೇ ಮಾತಾಡಿದ್ದು, ಸುಮ್ನಿರು' ಅಂತಾರೆ, ಇನ್ನೊಂದ್ಸಲ ನೀನು ಮೊಬೈಲ್ ಕೊಟ್ಟೇ ಹಾಳಾಯ್ತು ಅಂತಾರೆ. ಇದು ಆಟಿಸಂ ಇರಬಹುದಾ?
(ಒಬ್ಬ ತಾಯಿ, ಹಾವೇರಿ ಜಿಲ್ಲೆ)

ಉತ್ತರ: ಇರಬಹುದು ತಾಯಿ, ಆದ್ರೆ ಮಗುನ ನೋಡದೆ ಯಾರೂ ಹೌದು ಅಂತ ಹೇಳೋಕಾಗಲ್ಲ. ಮೊದಲು ಕಿವಿ ಟೆಸ್ಟ್ ಮಾಡ್ಸಿ, ಟೀವಿ ಶಬ್ದಕ್ಕೆ ಓಡ್ತಾನೆ ಅಂದಮಾತ್ರಕ್ಕೆ ಕಿವಿ ಪೂರ್ತಿ ಸರಿ ಇದೆ ಅಂತಲ್ಲ. ಜಿಲ್ಲಾಸ್ಪತ್ರೆಲಿ ಮಕ್ಕಳ ಬೆಳವಣಿಗೆ ನೋಡೋ ಡಿಇಐಸಿ ಕೇಂದ್ರ ಕೇಳಿ, ಇಲ್ಲಾಂದ್ರೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ಅಲ್ಲಿ ಕಿವಿ, ಮಾತು ಎರಡನ್ನೂ ನೋಡ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಕ್ಕಳ ವಿಭಾಗ ಇದೆ. ಲೇಟಾಗಿ ಮಾತಾಡೋ ಮಕ್ಕಳು ಇದಾರೆ ನಿಜ, ಆದ್ರೆ ಆ ಮಕ್ಕಳು ಸಾಮಾನ್ಯವಾಗಿ ಬೆರಳು ಮಾಡಿ ತೋರಿಸ್ತವೆ, ಕರೆದ್ರೆ ನೋಡ್ತವೆ, ಅದಕ್ಕೇ ನೀವು ಕಾಯ್ತಾ ಕೂರೋದು ಬೇಡ ಅಂತೀನಿ, ಥೆರಪಿ, ಅಂದ್ರೆ ಮಾತು, ನಡವಳಿಕೆ ಕಲಿಸೋ ತರಬೇತಿ, ಬೇಗ ಶುರುವಾದಷ್ಟೂ ಮಗುಗೆ ಒಳ್ಳೇದು.

ಇನ್ನು ನೀವು ಮೊಬೈಲ್ ಕೊಟ್ಟೇ ಹಾಳಾಯ್ತು ಅನ್ನೋ ಅತ್ತೆ ಮಾತು. ಹಿಂದೆ ಡಾಕ್ಟರ್‌ಗಳೇ ತಾಯಿ ಪ್ರೀತಿ ಸಾಲದೆ ಹೀಗಾಗುತ್ತೆ ಅಂತ ಬರೆದಿದ್ರು, ಎಷ್ಟೋ ತಾಯಂದಿರು ಅದನ್ನ ಹೊತ್ಕೊಂಡು ಅತ್ತಿದ್ರು, ಆಮೇಲೆ ಅದು ತಪ್ಪು ಅಂತ ಸಾಬೀತಾಯ್ತು. ಲಸಿಕೆಯಿಂದ ಆಟಿಸಂ ಬರಬಹುದು ಅಂತ 1998ರಲ್ಲಿ ಒಂದು ವೈದ್ಯಕೀಯ ಪತ್ರಿಕೆಲಿ ಬಂದಿದ್ದ ಲೇಖನನ ಆ ಪತ್ರಿಕೆಯೇ 2010ರಲ್ಲಿ ವಾಪಸ್ ತಗೊಂಡಿದೆ. ಆಟಿಸಂ ಅನ್ನೋದು ಮೆದುಳು ಬೆಳೆಯೋ ರೀತಿಲಿರೋ ವ್ಯತ್ಯಾಸ, ಇದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಮೊಬೈಲ್ ಕಡಿಮೆ ಮಾಡಿ, ಯಾಕಂದ್ರೆ ಅದು ನೀವು ಮಗು ಜೊತೆ ಆಡೋ ಹೊತ್ತನ್ನ ತಿಂದುಹಾಕುತ್ತೆ, ನಿಮ್ಮದು ತಪ್ಪು ಅಂತಲ್ಲ.

ಆಟಿಸಂ ಅಂತ ಗೊತ್ತಾದ್ರೆ ಅಂಗವಿಕಲರಿಗೆ ಸರ್ಕಾರ ಕೊಡೋ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಇದೂ ಸೇರಿದೆ. ನಿರಾಮಯ ಅಂತ ವಿಮೆನೂ ಇದೆ, ವರ್ಷಕ್ಕೆ 1 ಲಕ್ಷದವರೆಗೆ, ಅದರಲ್ಲಿ ಥೆರಪಿ ಖರ್ಚಿಗೂ ಒಂದು ಪಾಲು ಸಿಗುತ್ತೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇಲ್ಲ, ಬೇಜಾರಾಗುತ್ತೆ.

ಥೆರಪಿಗೆ ಹೋಗುವಾಗ ಅತ್ತೆನೂ ಕರ್ಕೊಂಡು ಹೋಗಿ. ದಿನಾ ತುತ್ತು ತಿನ್ಸೋರು ಅವರೇ ಆಗಿದ್ರೆ ಇನ್ನೂ ಒಳ್ಳೇದಾಯ್ತು, ಮಗು ಕೇಳೋದು ಕಲೀಲಿ ಅಂತ ತುತ್ತು ಹಿಡಿದು ಒಂದು ಕ್ಷಣ ಕಾಯೋಕೆ ಹೇಳಿ, ಅವನು ಮುಖ ನೋಡಿದ್ರೋ ಕೈ ಚಾಚಿದ್ರೋ 'ಬೇಕಾ, ತಗೋ ಕಂದಾ' ಅಂತ ತಕ್ಷಣ ಬಾಯಿಗಿಡ್ಲಿ.