ಗಾಡಿ ಪ್ರಶ್ನೋತ್ತರ: ಮೋಟರ್ ಗುರ್ ಅನ್ನುತ್ತದೆ, ಆಂಟೆನಾ ಏಳುವುದಿಲ್ಲ

ಹಳೆಯ ಫೋರ್‌ವೀಲ್ ಡ್ರೈವ್ ಗಾಡಿಗಳ ಪವರ್ ಆಂಟೆನಾ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ರೇಡಿಯೊ ಹಾಕಿದಾಗ ತಾನೇ ಮೇಲೇರಿ, ಆರಿಸಿದಾಗ ಒಳಗೆ ಇಳಿಯುವ ಆಂಟೆನಾ ಇದು. ಮೋಟರ್ ಫೆಂಡರ್ (ಚಕ್ರದ ಮೇಲಿನ ತಗಡು) ಒಳಗಿರುತ್ತದೆ.

ಪ್ರಶ್ನೆ: ರೇಡಿಯೊ ಹಾಕಿದ ಕೂಡಲೇ ಫೆಂಡರ್ ಒಳಗಿಂದ ಗುರ್ ಎಂದು ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಕಡ್ಡಿ ಮಾತ್ರ ಅಲುಗಾಡುವುದಿಲ್ಲ. ಮೋಟರ್ ಸಮೇತ ಪೂರ್ತಿ ಬದಲಿಸಬೇಕು ಅನ್ನುತ್ತಿದ್ದಾರೆ. ಬೇಕೇ?

ಬಹುತೇಕ ಬೇಡ. ಸದ್ದು ಬರುತ್ತಿದೆ ಎಂದರೆ ಕರೆಂಟು ಬರುತ್ತಿದೆ, ಮೋಟರ್ ತಿರುಗುತ್ತಿದೆ, ರೇಡಿಯೊದಿಂದ ಹೋಗುವ ಸೂಚನೆಯ ತಂತಿಯೂ ಸರಿಯಾಗಿದೆ. ಕೆಟ್ಟಿರುವುದು ಮೋಟರಿಗೂ ಕಡ್ಡಿಗೂ ನಡುವಿನ ಕೊಂಡಿ.

ಒಂದರೊಳಗೊಂದು ಸೇರುವ ಲೋಹದ ಕೊಳವೆಗಳ ತುದಿಯ ತೆಳು ಕೊಳವೆಗೆ ಒಂದು ನೈಲಾನ್ ಹುರಿ ಅಂಟಿಕೊಂಡಿರುತ್ತದೆ. ಹುರಿಯ ಒಂದು ಬದಿಗೆ ಹಲ್ಲು. ಮೋಟರಿನ ಗೇರ್ ಆ ಹಲ್ಲನ್ನು ಹಿಡಿದು ಹುರಿಯನ್ನು ಮೇಲೆ ತಳ್ಳುತ್ತದೆ, ಇಲ್ಲವೇ ಕೆಳಗೆ ಎಳೆದು, ಅಳತೆ ಟೇಪು ಡಬ್ಬಿಯೊಳಗೆ ಸೇರುವ ಹಾಗೆ, ಡ್ರಮ್ಮಿನಲ್ಲಿ ಸುತ್ತಿಡುತ್ತದೆ. ವರ್ಷಗಟ್ಟಲೆ ಬಿಸಿಲಿಗೂ ಚಳಿಗೂ ಸಿಕ್ಕಿ ನೈಲಾನ್ ಪೆಡಸಾಗುತ್ತದೆ. ಕೊಳವೆಗಳಲ್ಲಿ ಧೂಳು ತುಂಬಿ ಕಡ್ಡಿ ಬಿಗಿಯಾದ ದಿನ ಮೋಟರ್ ತಳ್ಳುತ್ತದೆ, ಕಡ್ಡಿ ಏಳುವುದಿಲ್ಲ, ಹುರಿ ಪಟ್ ಎಂದು ಮುರಿಯುತ್ತದೆ. ಕಚ್ಚಾ ರಸ್ತೆಯಲ್ಲಿ ಓಡುವ ಗಾಡಿಗಳಿಗೆ ಈ ಕಾಯಿಲೆ ಬೇಗ ಬರುವುದು ಇದೇ ಕಾರಣಕ್ಕೆ.

ಸದ್ದಿನಿಂದಲೇ ಸಾಕಷ್ಟು ತಿಳಿಯುತ್ತದೆ. ಹಗುರವಾದ ಒಂದೇ ಸಮನೆಯ ಗುರ್ ಆದರೆ ಹುರಿ ತುಂಡಾಗಿದೆ, ಗೇರಿಗೆ ಹಿಡಿಯಲು ಏನೂ ಇಲ್ಲ. ಕಟಕಟ ಎಂದು ತಡೆದು ತಡೆದು ಬಂದರೆ ಹುರಿ ಇದೆ, ಆದರೆ ಹಲ್ಲು ಸವೆದು ಜಾರುತ್ತಿದೆ, ಅಥವಾ ಕಡ್ಡಿ ಸಿಕ್ಕಿಹಾಕಿಕೊಂಡು ಒಳಗಿನ ಕ್ಲಚ್ (ತಡೆ ಬಂದಾಗ ಜಾರಿಕೊಳ್ಳುವ ಭಾಗ) ಜಾರುತ್ತಿದೆ. ಕಡ್ಡಿ ಪೂರ್ತಿ ಏರಿದ ಮೇಲೆ ಒಂದೆರಡು ಸೆಕೆಂಡ್ ಕಟಕಟ ಅಂದರೆ ಚಿಂತೆ ಬೇಡ, ಹಲವು ಮಾದರಿಗಳು ನಿಲ್ಲುವ ರೀತಿಯೇ ಅದು. ಟಿಕ್ ಎಂದು ಒಂದು ಸಲ ಸದ್ದಾಗಿ ಸುಮ್ಮನಾದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಕೆಲಸ ಮಾಡುತ್ತಿದೆ, ಮೋಟರ್ ತಿರುಗುತ್ತಿಲ್ಲ. ಮೋಟರನ್ನು ಅನುಮಾನಿಸಬೇಕಾದದ್ದು ಆಗ ಮಾತ್ರ.

ಪ್ರಶ್ನೆ: ಹಾಗಾದರೆ ಕಡ್ಡಿಯೊಂದನ್ನೇ ಬದಲಿಸುವುದು ಹೇಗೆ? ಫೆಂಡರ್ ಬಿಚ್ಚಬೇಕೇ?

ಹುರಿ ತುಂಡಾಗದೆ ಇಡಿಯಾಗಿ ಹೊರಬಂದರೆ ಏನನ್ನೂ ಬಿಚ್ಚಬೇಕಿಲ್ಲ, ಎಲ್ಲವೂ ಮೇಲಿನಿಂದಲೇ ಆಗುತ್ತದೆ. ಹುರಿ ಸಮೇತ ಬರುವ ಕಡ್ಡಿ ಬಿಡಿಭಾಗವಾಗಿ ಸಿಗುತ್ತದೆ. ಗಾಡಿಯ ಮಾದರಿ, ತಯಾರಾದ ವರ್ಷ ಎರಡನ್ನೂ ಹೇಳಿ ಕೇಳಿ. ಹಲ್ಲಿನ ಅಂತರ, ಹುರಿಯ ದಪ್ಪ, ಒಟ್ಟು ಉದ್ದ ಮೂರೂ ಹಳೆಯದಕ್ಕೆ ಹೊಂದಬೇಕು. ಕೆಲವು ಕಂಪನಿಗಳ ಹುರಿಗೆ ಹಲ್ಲೇ ಇರುವುದಿಲ್ಲ. ಅದನ್ನು ಹಲ್ಲಿನ ಗೇರಿಗೆ ಹಾಕಿದರೆ ಅಲ್ಲೇ ಜಾರುತ್ತಾ ಕೂರುತ್ತದೆ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ರೇಡಿಯೊ ಬಟನ್ ಬಳಿ, ಇನ್ನೊಬ್ಬರು ಫೆಂಡರ್ ಬಳಿ. ಕಡ್ಡಿಯ ಬುಡದ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಸ್ಪ್ಯಾನರ್ ಜಾರಿದರೆ ಪೇಂಟ್ ಉಳಿಯುತ್ತದೆ. ಬುಡದ ನಟ್ ಕೆಲವಕ್ಕೆ ಸಾಮಾನ್ಯ ಸ್ಪ್ಯಾನರಿಗೆ ಸಿಗುತ್ತದೆ. ಕೆಲವಕ್ಕೆ ಎರಡು ಸೀಳು ಇರುತ್ತವೆ, ಅವಕ್ಕೆ ಬೇರೆ ಸಾಧನ ಬೇಕು. ಅದಿಲ್ಲದಿದ್ದರೆ ಮೂಗು ಚೂಪಾದ ಇಕ್ಕಳದ ಎರಡು ತುದಿಗಳನ್ನು ಸೀಳಿಗೆ ಕೂರಿಸಿ ನಿಧಾನ ತಿರುಗಿಸಿ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಇಲ್ಲಿ ಬಲ ಹಾಕಿದರೆ ನಟ್ ಜೊತೆ ಇಡೀ ಬುಡವೇ ತಿರುಗಿ ಕೆಳಗಿನ ಕೇಬಲ್ ಹರಿಯುತ್ತದೆ.

ನಟ್ ತೆಗೆದ ಮೇಲೆ ಒಳಗಿನವರು ರೇಡಿಯೊ ಹಾಕಲಿ. ಮೋಟರ್ ಹುರಿಯನ್ನು ಮೇಲೆ ತಳ್ಳುತ್ತದೆ. ಕಡ್ಡಿಯನ್ನು ನೇರವಾಗಿ, ಮೋಟರಿನ ವೇಗಕ್ಕೆ ತಕ್ಕಂತೆ ಎತ್ತುತ್ತಾ ಹೋಗಿ. ಕೊನೆಯ ಗೇಣುದ್ದ ಹುರಿ ಹೊರಬರುವ ಮುನ್ನ ಅದರ ಹಲ್ಲು ಯಾವ ದಿಕ್ಕಿಗಿದೆ ಎಂದು ನೋಡಿ, ಟೇಪಿನ ಮೇಲೆ ಪೆನ್ನಿನಿಂದ ಗುರುತು ಹಾಕಿ. ಅರ್ಧ ಜನ ಎಡವುವುದು ಇಲ್ಲೇ. ಹೊಸ ಹುರಿಯ ಹಲ್ಲು ತಿರುವುಮುರುವಾಗಿ ಹೋದರೆ ಗೇರಿಗೆ ನುಣುಪು ಬೆನ್ನು ಸಿಗುತ್ತದೆ, ಮೋಟರ್ ಗುರ್ ಎನ್ನುತ್ತಲೇ ಇರುತ್ತದೆ.

ತೆಗೆದ ಹುರಿಯನ್ನು ಹೊಸದರ ಪಕ್ಕ ನೆಲದ ಮೇಲೆ ಚಾಚಿ ಅಳೆಯಿರಿ. ಹಳೆಯದು ಗಿಡ್ಡವಾಗಿದ್ದು ತುದಿ ಒರಟಾಗಿ ಮುರಿದಿದ್ದರೆ ಉಳಿದ ತುಂಡು ಒಳಗಿದೆ. ಒಳಗೆ ತುಂಡು ಇಟ್ಟುಕೊಂಡು ಹೊಸದನ್ನು ಹಾಕಲೇಬೇಡಿ. ಎರಡೂ ಡ್ರಮ್ಮಿನಲ್ಲಿ ಸಿಕ್ಕಿಕೊಂಡು ಹೊಸದೂ ಹೋಗುತ್ತದೆ. ಮೇಲಿನಿಂದ ಉದ್ದ ಇಕ್ಕಳಕ್ಕೆ ಸಿಕ್ಕರೆ ಪುಣ್ಯ. ಸಿಗದಿದ್ದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಒಳಹೊದಿಕೆ ಸರಿಸಿ, ಮೋಟರ್ ಘಟಕ ಇಳಿಸಿ, ಡ್ರಮ್ಮಿನ ಮುಚ್ಚಳದ ಸ್ಕ್ರೂ ಬಿಚ್ಚಬೇಕು. ಮುಚ್ಚಳ ತೆಗೆಯುವಾಗ ಒಂದು ಫೋಟೊ ತೆಗೆದಿಡಿ, ತೆಳು ವಾಷರುಗಳ ಕ್ರಮ ನೆನಪಿನಲ್ಲಿ ಉಳಿಯುವುದಿಲ್ಲ. ಹಳೆಯ ಗ್ರೀಸು ಮಣ್ಣಿನ ಜೊತೆ ಸೇರಿ ಮೇಣದಂತಾಗಿರುತ್ತದೆ. ಪೂರ್ತಿ ಒರೆಸಿ, ಪ್ಲಾಸ್ಟಿಕ್ಕಿಗೆ ಹಾನಿಯಾಗದ ಬಿಳಿ ಲಿಥಿಯಂ ಗ್ರೀಸನ್ನು ಗೇರಿನ ಹಲ್ಲಿಗೆ ತೆಳುವಾಗಿ ಸವರಿ. ಪೆಟ್ರೋಲಿನಲ್ಲಿ ತೊಳೆಯಬೇಡಿ.

ಹೊಸ ಕಡ್ಡಿಯನ್ನು ಪೂರ್ತಿ ಚಾಚಿ ಹಿಡಿದರೆ ಕೆಳಗೆ ಹೊರಗುಳಿಯುವ ಹುರಿ ಕಡಿಮೆ, ಹಿಡಿಯಲು ಸುಲಭ. ಗುರುತಿನ ದಿಕ್ಕಿಗೆ ಹಲ್ಲು ಬರುವಂತೆ ಹುರಿಯನ್ನು ರಂಧ್ರಕ್ಕೆ ಇಳಿಸಿ. ತಳದಲ್ಲಿ ತಡೆ ಸಿಗುತ್ತದೆ, ಅದೇ ಗೇರ್. ಮೆಲ್ಲಗೆ ಒತ್ತಿ ಹಿಡಿದು, ರೇಡಿಯೊ ಆರಿಸಲು ಹೇಳಿ. ಹಲ್ಲು ಕಚ್ಚಿಕೊಂಡ ಕ್ಷಣ ಹುರಿ ಕೈಯಿಂದ ಕೆಳಗೆ ಸರಿಯುವುದು ಬೆರಳಿಗೇ ಗೊತ್ತಾಗುತ್ತದೆ. ಕಚ್ಚದಿದ್ದರೆ ಕಡ್ಡಿಯನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಚಿ ನೋಡಿ. ಮೋಟರ್ ಕೆಲವು ಸೆಕೆಂಡ್ ಮಾತ್ರ ತಿರುಗುವುದರಿಂದ ಒಂದು ಸಲ ತಪ್ಪಿದರೆ ರೇಡಿಯೊ ಹಾಕಿ, ಅದು ನಿಂತ ಮೇಲೆ ಮತ್ತೆ ಆರಿಸಿ. ಹುರಿ ಒಳಗೆ ಹೋಗುತ್ತಿದ್ದಂತೆ ದಪ್ಪ ಕೊಳವೆಯನ್ನು ಕೈಯಾರೆ ರಂಧ್ರಕ್ಕೆ ಕೂರಿಸಿ, ಬುಡದ ಹಿತ್ತಾಳೆ ಬುಶ್ ಇದ್ದರೆ ಅದು ಸರಿಯಾಗಿ ಕೂತಿದೆಯೇ ನೋಡಿ, ನಟ್ ಬಿಗಿ ಮಾಡಿ.

ಪ್ರಶ್ನೆ: ಹೊಸ ಕಡ್ಡಿ ಹಾಕಿದ ಮೇಲೆ ಎರಡು ಇಂಚು ಹೊರಗೇ ನಿಲ್ಲುತ್ತಿದೆ. ಹುರಿ ಕತ್ತರಿಸಲೇ?

ಕತ್ತರಿ ಕೆಳಗಿಡಿ. ನಟ್ ಬಿಗಿ ಮಾಡಿ, ರೇಡಿಯೊವನ್ನು ನಾಲ್ಕಾರು ಸಲ ಹಾಕಿ ಆರಿಸಿ. ಗೇರ್ ಒಂದೆರಡು ಹಲ್ಲು ಆಚೀಚೆ ಹಿಡಿದಿದ್ದರೆ ಮೇಲೆ ಕೆಳಗೆ ಹೋಗುತ್ತಾ ಕ್ಲಚ್ ಜಾರಿ ತಾನೇ ಸರಿಹೊಂದುತ್ತದೆ. ಆಮೇಲೂ ಅಷ್ಟೇ ಉಳಿದರೆ ಮೂರು ಕಾರಣ ನೋಡಿ: ಒಳಗೆ ಹಳೆಯ ತುಂಡು, ಬಾಗಿದ ಕೊಳವೆ, ಅಥವಾ ಎಲ್ಲ ಗಾಡಿಗೂ ಆಗುತ್ತದೆ ಎಂದು ಮಾರುವ ಉದ್ದನೆಯ ಹುರಿ. ಕೊನೆಯದಾಗಿದ್ದರೆ ಮಾತ್ರ ಹಳೆಯ ತುಂಡುಗಳನ್ನೆಲ್ಲ ಜೋಡಿಸಿ ಅಳೆದು ಅಷ್ಟಕ್ಕೇ ಕತ್ತರಿಸಬೇಕು. ಗಿಡ್ಡ ಮಾಡಿದ್ದನ್ನು ಉದ್ದ ಮಾಡಲಾಗುವುದಿಲ್ಲ.

ಪ್ರಶ್ನೆ: ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ಆಂಟೆನಾ ಸದ್ದೇ ಮಾಡುತ್ತಿಲ್ಲ. ಮೊದಲು ಸರಿಯಾಗಿತ್ತು.

ಆಂಟೆನಾ ಈಗಲೂ ಸರಿಯಾಗಿಯೇ ಇರಬಹುದು. ಸಾಮಾನ್ಯ ಘಟಕಕ್ಕೆ ಮೂರು ತಂತಿ: ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್, ಗಾಡಿಯ ಬಾಡಿಗೆ ಹೋಗುವ ಅರ್ತಿಂಗ್, ರೇಡಿಯೊ ಹಾಕಿದಾಗ ಮಾತ್ರ ಬರುವ ಸೂಚನೆಯ ತಂತಿ. ಸೂಚನೆ ಬಂದರೆ ಕಡ್ಡಿ ಏರುತ್ತದೆ, ನಿಂತರೆ ಸದಾ ಇರುವ 12 ವೋಲ್ಟಿನ ಬಲದಿಂದ ಇಳಿಯುತ್ತದೆ.

ಹೊಸ ಸೆಟ್ಟುಗಳಲ್ಲಿ ಬರಿಯ ನೀಲಿ ತಂತಿ ಆಂಟೆನಾಕ್ಕೆ, ಬಿಳಿ ಗೆರೆಯ ನೀಲಿ ಆಂಪ್ಲಿಫೈಯರಿಗೆ. ಕೆಲವು ಸೆಟ್ಟುಗಳಲ್ಲಿ ಬಿಳಿ ಗೆರೆಯದೊಂದೇ ಇದ್ದು ಎರಡಕ್ಕೂ ಅದೇ. ಸೆಟ್ಟಿನ ಹಿಂದೆ ಐಎಸ್‌ಒ ಎಂಬ ಪ್ರಮಾಣಿತ ಪ್ಲಗ್ ಆದರೆ ಎ ಭಾಗದ 5ನೇ ಪಿನ್ ಆಂಟೆನಾದ್ದು. ಗಾಡಿಯ ಮೂಲ ತಂತಿಯನ್ನು ಅಲ್ಲಿಗೆ ಜೋಡಿಸದೇ ಬಿಟ್ಟಿರುವುದೇ ಸಾಮಾನ್ಯ ಎಡವಟ್ಟು.

ಜೋಡಿಸುವಾಗ ಒಂದು ಎಚ್ಚರ. ಆ ನೀಲಿ ತಂತಿ ಕೊಡಬಲ್ಲದ್ದು 0.1ರಿಂದ 0.3 ಆಂಪಿಯರ್ ಅಷ್ಟೆ. ಮೋಟರ್ ಎಳೆಯುವುದು ಹಲವು ಆಂಪಿಯರ್. ಮೋಟರಿನ ತಂತಿಗೆ ನೇರವಾಗಿ ಕೊಟ್ಟರೆ ಹೊಸ ಸೆಟ್ಟಿನ ಒಳಗೇ ಸುಡುತ್ತದೆ. ಸಂಶಯವಿದ್ದರೆ ನಡುವೆ ರಿಲೇ ಹಾಕಿ, ಅದರ ಪಿನ್ನುಗಳ ಸಂಖ್ಯೆ ನೋಡಿ ಜೋಡಿಸಿ: 86ಕ್ಕೆ ನೀಲಿ ತಂತಿ, 85 ಗಾಡಿಯ ಬಾಡಿಗೆ, 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಆಂಟೆನಾದ ಸೂಚನೆಯ ತಂತಿಗೆ.

ಡ್ಯಾಶ್‌ಬೋರ್ಡಿನಲ್ಲಿ ಏರಿಸುವ, ಇಳಿಸುವ ಸ್ವಿಚ್ ಇರುವ ಇನ್ನೂ ಹಳೆಯ ಗಾಡಿಗಳಿಗೆ ಇದು ಹೊಂದುವುದಿಲ್ಲ. ಅಲ್ಲಿ ಸ್ವಿಚ್ಚೇ ಪ್ಲಸ್ ಮೈನಸ್ ಅದಲುಬದಲು ಮಾಡಿ ಮೋಟರನ್ನು ತಿರುಗಿಸುತ್ತದೆ, ಸ್ಟೀರಿಯೊಗೆ ಅದರ ಗೊಡವೆ ಇಲ್ಲ.

ಪ್ರಶ್ನೆ: ಪೂರ್ತಿ ಘಟಕವನ್ನೇ ಬದಲಿಸಬೇಕಾಗಿದೆ. ಏನು ಗಮನಿಸಬೇಕು?

ಮೊದಲು ವೋಲ್ಟೇಜ್. ಸೇನೆಯಿಂದ ಬಂದ ಹಳೆಯ ಗಾಡಿಗಳು, ಕೆಲವು ಡೀಸೆಲ್ ಗಾಡಿಗಳು 24 ವೋಲ್ಟಿನವು. ಅವಕ್ಕೆ 12 ವೋಲ್ಟ್ ಮೋಟರ್ ಹಾಕಿದರೆ ಹೊಗೆಯೇ. ಆಮೇಲೆ ಫೆಂಡರಿನ ರಂಧ್ರದ ಅಗಲ, ಅಲ್ಲಿನ ಓರೆ, ಒಳಗೆ ಮೋಟರ್ ಕೂರಲು ಇರುವ ಆಳ ಅಳೆದುಕೊಂಡೇ ಕೊಳ್ಳಿ.

ಹಳೆಯದನ್ನು ಇಳಿಸಿದಾಗ ಅದರ ತಳದ ನೀರು ಹೋಗುವ ಸಣ್ಣ ಕೊಳವೆ ಕಟ್ಟಿದೆಯೇ ನೋಡಿ. ಕಡ್ಡಿಯ ಬುಡದಿಂದ ಮಳೆನೀರು ಒಳಗೆ ಇಳಿಯುವುದು ಸಹಜ, ಅದಕ್ಕೆಂದೇ ಆ ಕೊಳವೆ ಇರುವುದು. ಕೆಸರು ಕೂತು ಅದು ಮುಚ್ಚಿದರೆ ಮೋಟರ್ ನೀರಲ್ಲಿ ನೆನೆದು ತುಕ್ಕು ಹಿಡಿಯುತ್ತದೆ. ಹಳೆಯದು ಸತ್ತದ್ದೂ ಬಹುಶಃ ಹೀಗೇ. ಹೊಸದರ ಕೊಳವೆ ಕೆಳಮುಖವಾಗಿ, ಮಡಿಕೆ ಬೀಳದೆ ಹೊರಕ್ಕೆ ಬರಲಿ. ಸೀಲ್ ಮಾಡುವ ಉತ್ಸಾಹದಲ್ಲಿ ಅದಕ್ಕೆ ಸಿಲಿಕಾನ್ ಮೆತ್ತುವವರೂ ಇದ್ದಾರೆ!

ಬುಡದ ಲೋಹ ಫೆಂಡರಿನ ಒಳಮೈಗೆ ಮುಟ್ಟುವ ಜಾಗದಲ್ಲಿ ಪೇಂಟನ್ನೂ ತುಕ್ಕನ್ನೂ ಹೊಳೆಯುವವರೆಗೆ ಕೆರೆಯಿರಿ, ಬಿಗಿ ಮಾಡಿದ ಮೇಲೆ ಸುತ್ತ ಗ್ರೀಸ್ ಸವರಿ. ಈ ಅರ್ತಿಂಗ್ ಸರಿಯಿಲ್ಲದಿದ್ದರೆ ಎಂಜಿನ್ ವೇಗದ ಜೊತೆ ಏರಿಳಿಯುವ ಕುಯ್ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ.

ಪ್ರಶ್ನೆ: ಕಡ್ಡಿ ಪೂರ್ತಿ ಏಳುತ್ತದೆ, ಆದರೆ ಸ್ಟೇಷನ್ ಸರಿಯಾಗಿ ಹಿಡಿಯುವುದಿಲ್ಲ.

ಮಲ್ಟಿಮೀಟರ್ ತೆಗೆದುಕೊಳ್ಳಿ. ಆಂಟೆನಾ ಪ್ಲಗ್ಗನ್ನು ಸೆಟ್ಟಿನಿಂದ ಕಳಚಿ. ಪ್ಲಗ್ಗಿನ ನಡುವಿನ ಪಿನ್ನಿನಿಂದ ಕಡ್ಡಿಯ ತುದಿಗೆ ಸೊನ್ನೆಯ ಹತ್ತಿರದ ಓಮ್ ಬರಬೇಕು. ನಡುವಿನ ಪಿನ್ನಿಗೂ ಪ್ಲಗ್ಗಿನ ಹೊರಮೈಗೂ ಸಂಪರ್ಕವೇ ಇರಬಾರದು. ಹೊರಮೈಗೂ ಗಾಡಿಯ ಬಾಡಿಗೂ ಸೊನ್ನೆ ಬರಬೇಕು. ಮೊದಲನೆಯದು ತಪ್ಪಿದರೆ ಕೇಬಲ್ ತುಂಡಾಗಿದೆ ಅಥವಾ ಕೊಳವೆಗಳ ನಡುವೆ ಸಂಪರ್ಕವಿಲ್ಲ. ಎರಡನೆಯದು ತಪ್ಪಿದರೆ ಕೇಬಲ್ಲಿಗೋ ಬುಡಕ್ಕೋ ನೀರು ಇಳಿದಿದೆ. ಮೂರನೆಯದು ತಪ್ಪಿದರೆ ಮೇಲೆ ಹೇಳಿದ ಅರ್ತಿಂಗ್.

ಕಡ್ಡಿ ಸಲೀಸಾಗಿ ಓಡಲಿ ಎಂದು ಗ್ರೀಸ್ ಬಳಿದಿದ್ದರೆ ಒರೆಸಿಬಿಡಿ. ದಪ್ಪ ಗ್ರೀಸು ಧೂಳನ್ನು ಹಿಡಿದು ಉಜ್ಜುಕಾಗದದ ಕೆಲಸ ಮಾಡುತ್ತದೆ, ಕೊಳವೆಗಳ ನಡುವಿನ ಸಂಪರ್ಕವನ್ನೂ ಕೆಡಿಸುತ್ತದೆ. ತೆಳು ಎಣ್ಣೆ ಬಟ್ಟೆಗೆ ಹಾಕಿ ಒರೆಸಿ, ಒಂದೆರಡು ಸಲ ಏರಿಸಿ ಇಳಿಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿದರೆ ಸಾಕು. ಕೆಸರಲ್ಲಿ ಓಡಿಸಿ ಬಂದ ದಿನ ಇದನ್ನು ಮಾಡದೆ ಕಡ್ಡಿಯನ್ನು ಒಳಗೆ ಇಳಿಸಬೇಡಿ.

ಎಫ್‌ಎಂ ಚೆನ್ನಾಗಿದ್ದು ಮೀಡಿಯಂ ವೇವ್ ಮಾತ್ರ ಮಂಕಾಗಿದ್ದರೆ, ತಿರುಗುವ ಗುಂಡಿಯ ಹಳೆಯ ಸೆಟ್ಟುಗಳಲ್ಲಿ ಟ್ರಿಮ್ಮರ್ ಎಂಬ ಸಣ್ಣ ಸ್ಕ್ರೂ ಇರುತ್ತದೆ. ಕಡ್ಡಿ ಪೂರ್ತಿ ಎತ್ತಿ, 1400 ಕಿಲೋಹರ್ಟ್ಸ್ ಆಸುಪಾಸಿನ ಒಂದು ದುರ್ಬಲ ಸ್ಟೇಷನ್ ಹಿಡಿದು, ಸದ್ದು ಅತಿ ಜೋರಾಗುವಲ್ಲಿಗೆ ಆ ಸ್ಕ್ರೂ ತಿರುಗಿಸಿ ಬಿಡಿ. ಆಂಟೆನಾ ಬದಲಿಸಿದಾಗಲೆಲ್ಲ ಇದನ್ನು ಮಾಡಬೇಕು.

ಪ್ರಶ್ನೆ: ಕಾಡುದಾರಿಯಲ್ಲಿ ಕೊಂಬೆ ಬಡಿದು ಕಡ್ಡಿ ಬಾಗುತ್ತದೆ. ಪೆನ್‌ಡ್ರೈವ್ ಹಾಡು ಕೇಳುವಾಗಲೂ ಅದು ಏಳಲೇಬೇಕೇ?

ಬೇಕಿಲ್ಲ. ಸೂಚನೆಯ ತಂತಿಯ ನಡುವೆ ಒಂದು ಚಿಕ್ಕ ಸ್ವಿಚ್ ಹಾಕಿ, ಕೈಗೆಟಕುವಲ್ಲಿ ಕೂರಿಸಿ. ಆರಿಸಿದರೆ ಹಾಡು ನಡೆಯುತ್ತಲೇ ಕಡ್ಡಿ ಇಳಿಯುತ್ತದೆ. ಸದಾ 12 ವೋಲ್ಟ್ ಬರುವ ತಂತಿಗೆ ಸ್ವಿಚ್ ಹಾಕಬೇಡಿ. ಅದನ್ನು ಕಡಿದರೆ ಕಡ್ಡಿ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಕೆಲವು ಸೆಟ್ಟುಗಳ ಬರಿಯ ನೀಲಿ ತಂತಿಯಲ್ಲಿ ರೇಡಿಯೊ ಹಾಕಿದಾಗ ಮಾತ್ರ ವೋಲ್ಟೇಜ್ ಬರುತ್ತದೆ. ಅಂಥದ್ದಿದ್ದರೆ ಪೆನ್‌ಡ್ರೈವ್ ಹಾಡಿಗೆ ಸ್ವಿಚ್ಚೂ ಬೇಡ.

ಈಗಾಗಲೇ ಬಾಗಿರುವ ಕಡ್ಡಿಯನ್ನು ಮೊಣಕಾಲಿಗೆ ಒತ್ತಿ ನೇರ ಮಾಡಿ ಬಳಸಬೇಡಿ. ಕಣ್ಣಿಗೆ ನೇರ ಕಂಡರೂ ಕೊಳವೆ ಒಳಗೆ ಚಪ್ಪಟೆಯಾಗಿರುತ್ತದೆ. ಅಲ್ಲಿ ಸಿಕ್ಕಿಕೊಂಡು ಮುಂದಿನ ಹುರಿಯನ್ನೂ ತಿನ್ನುತ್ತದೆ.

ಪ್ರಶ್ನೆ: ಇಷ್ಟೆಲ್ಲ ರಗಳೆ ಬೇಡ, ಸ್ಥಿರವಾದ ಗಿಡ್ಡ ರಬ್ಬರ್ ಆಂಟೆನಾ ಹಾಕಿದರೆ?

ಸ್ಥಿರವಾದದ್ದು ಸರಿ, ಗಿಡ್ಡದ್ದು ಬೇಡ. 100 ಮೆಗಾಹರ್ಟ್ಸ್ ಎಫ್‌ಎಂ ಅಲೆಯ ಉದ್ದ 3 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 75 ಸೆಂಟಿಮೀಟರಿನ ಕಡ್ಡಿ ಚೆನ್ನಾಗಿ ಹಿಡಿಯುತ್ತದೆ. ಗೇಣುದ್ದದ್ದು ಊರೊಳಗೆ ನಡೆದೀತು, ಸ್ಟೇಷನ್ನಿನಿಂದ ದೂರ ಹೋದರೆ ಕರಕರ. ಬಗ್ಗಿದರೂ ತಾನೇ ನೇರವಾಗುವ, 75 ಸೆಂಟಿಮೀಟರ್ ಆಸುಪಾಸಿನ ಸ್ಪ್ರಿಂಗ್ ಬುಡದ ಕಡ್ಡಿ ಒರಟು ದಾರಿಗೆ ಒಳ್ಳೆಯದು. ಹಳೆಯ ಮೋಟರಿನ ಮೂರು ತಂತಿಗಳ ತುದಿಗೂ ಪ್ರತ್ಯೇಕವಾಗಿ ಟೇಪ್ ಸುತ್ತಿ. ಅವುಗಳಲ್ಲಿ ಒಂದು ಬ್ಯಾಟರಿಯಿಂದ ಸದಾ ಜೀವಂತವಾಗಿರುವುದರಿಂದ ಅದರ ಫ್ಯೂಸನ್ನೂ ತೆಗೆದಿಡಿ. ಅದೇ ಫ್ಯೂಸಿನಲ್ಲಿ ಗಡಿಯಾರವೋ ಒಳದೀಪವೋ ಸೇರಿದ್ದರೆ ಮಾತ್ರ ಬಿಡಿ.